ಆರಡಿ ಗಡಿಯಾರ, ನಡು ಎತ್ತರದ ಕಾರು

ನನ್ನ ಅಳಿಯ ಕಾರಿನ ಗುಣದೋಷಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಬಂದಿದ್ದ. ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದ. ಎಡಕ್ಕೆ ಗುಣ, ಬಲಕ್ಕೆ ದೋಷ. ಗುಣದ ಕಡೆ ಐದು, ದೋಷದ ಕಡೆ ಹನ್ನೊಂದು. ಹನ್ನೊಂದನೆಯದು ನಾನು.

ಹಾಗೆಂದು ಬರೆದಿರಲಿಲ್ಲ, ಪಾಪ. 'ಓಡಿಸುವವರ ವಯಸ್ಸು ಮತ್ತು ಮಂಡಿ' ಎಂದು ಬರೆದಿದ್ದ. ನಮ್ಮ ಮನೆಯಲ್ಲಿ ಹೊಸದಾಗಿ ಹಾಕಿಸಿಕೊಂಡ ಮಂಡಿ ಇರುವುದು ನನಗೊಬ್ಬಳಿಗೇ.

ಅವನಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ತಕ್ಕಡಿ. ಬಾಳೆಹಣ್ಣು ಕೊಂಡರೂ ಎರಡು ಕೈಯಲ್ಲಿ ಎರಡು ಹಿಡಿದು ತೂಗಿ ನೋಡುವ ಮನುಷ್ಯ. ನನ್ನ ಮಗಳನ್ನು ಮದುವೆಯಾಗುವ ಮೊದಲು ಎಷ್ಟು ಹಾಳೆ ಮುಗಿಸಿದನೋ, ದೇವರೇ ಬಲ್ಲ.

ನಾನು ಮೂವತ್ತೊಂದು ವರ್ಷ ಲಾಂಡ್ರಿಯ ವ್ಯಾನು ಓಡಿಸಿದವಳು. ಹೋಟೆಲು, ಆಸ್ಪತ್ರೆಗಳ ಬೆಡ್‌ಶೀಟು ಒಯ್ಯುವುದು, ತರುವುದು. ಒಮ್ಮೆ ಹೋಟೆಲಿನವರು ಅವಸರ ಮಾಡಿದರೆಂದು ಹಸಿ ಬೆಡ್‌ಶೀಟನ್ನೇ ಹೇರಿಕೊಂಡು, ಕಿಟಕಿ ತೆರೆದು ಹೊರಟುಬಿಟ್ಟೆ. ಮುಟ್ಟುವ ಹೊತ್ತಿಗೆ ಗರಿಗರಿಯಾಗಿ ಒಣಗಿದ್ದವು. ಇನ್ನೆರಡು ತಿರುವು ಇದ್ದಿದ್ದರೆ ತಾವೇ ಮಡಚಿಕೊಳ್ಳುತ್ತಿದ್ದವು. ಇನ್ನೊಮ್ಮೆ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಾಗ ದಿಂಬಿನ ಮೂಟೆಗಳನ್ನು ಒಂದೊಂದಾಗಿ ಮುಂದೆ ಎಸೆದು, ಅವುಗಳ ಮೇಲೇ ವ್ಯಾನು ನಿಲ್ಲಿಸಿದ್ದೇನೆ. ನಂಬದವರು ಆ ದಿಂಬುಗಳನ್ನೇ ಕೇಳಲಿ.

ಅಂಥವಳು ಎಡಮಂಡಿ ಆಪರೇಷನ್ ಆದ ಮೇಲೆ ಎರಡು ವರ್ಷದಿಂದ ಪಾರ್ಸೆಲ್ ಆಗಿದ್ದೆ. ಭಾನುವಾರ ಅಳಿಯ ತನ್ನ ಚಿಕ್ಕ ಕಾರಿನಲ್ಲಿ ಎತ್ತಿ ಹಾಕಿಕೊಂಡು ಹೋಗುತ್ತಿದ್ದ, ತಂದು ಇಳಿಸುತ್ತಿದ್ದ. ಸಹಿ ಮಾಡಿಸಿಕೊಳ್ಳುವುದೊಂದು ಬಾಕಿ.

ನನ್ನದಾದರೂ ಬಿಡಿ. ನಮ್ಮ ಮನೆಯವರು ಗಡಿಯಾರ ರಿಪೇರಿಯವರು. ಕೈಗಡಿಯಾರವಲ್ಲ, ನೆಲದ ಮೇಲೆ ನಿಲ್ಲುವ ಆರಡಿಯ ಲೋಲಕದ ಗಡಿಯಾರ. ಅದನ್ನು ಸಾಗಿಸಲು ಒಂದು ಕ್ರಮವಿದೆ. ಲೋಲಕ ಬಿಚ್ಚಬೇಕು, ತೂಕದ ಗುಂಡು ತೆಗೆಯಬೇಕು, ಪೆಟ್ಟಿಗೆಯನ್ನು ಬೆನ್ನ ಮೇಲೆ ಮಲಗಿಸಬೇಕು, ಲೋಲಕವನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಳ್ಳಬೇಕು. ಒಬ್ಬ ಬಾಡಿಗೆ ಗಾಡಿಯವನು ಬೀರುವಿನ ಹಾಗೆ ನಿಲ್ಲಿಸಿಕೊಂಡು ಹೋಗಿ ಅದರ ಕರುಳೆಲ್ಲ ಕೆಳಗೆ ಬೀಳಿಸಿದ್ದ. ಅಂದಿನಿಂದ ನನ್ನ ಕೈಯ ಸ್ಟಿಯರಿಂಗ್ ಬಿಟ್ಟು ಬೇರೆ ಯಾವುದಕ್ಕೂ ಅವರು ಗಡಿಯಾರ ಒಪ್ಪಿಸಿದವರಲ್ಲ. ನಾನು ಮನೆ ಹಿಡಿದ ಮೇಲೆ ಅವರೂ ದೊಡ್ಡ ಕೆಲಸ ಬಿಟ್ಟು, ಬೀದಿಯವರ ಗೋಡೆ ಗಡಿಯಾರಕ್ಕೆ ಸೆಲ್ ಹಾಕುತ್ತಾ ಕೂತಿದ್ದರು. ಹಲ್ಲಿನ ಡಾಕ್ಟರೊಬ್ಬರ ಗಡಿಯಾರ ರಿಪೇರಿಯಾಗಿ ಐದು ತಿಂಗಳಿಂದ ನಮ್ಮ ನಡುಮನೆಯಲ್ಲೇ ಗಂಟೆ ಹೊಡೆಯುತ್ತಿತ್ತು.

ಮಂಡಿಯ ಡಾಕ್ಟರು, "ಕ್ಲಚ್ ಇಲ್ಲದ ಗಾಡಿ ಆದ್ರೆ ಧಾರಾಳವಾಗಿ ಓಡಿಸಿ," ಎಂದು ಚೀಟಿ ಕೊಟ್ಟಿದ್ದರು. ಲೈಸೆನ್ಸ್ ಹೊಸದು ಮಾಡಿಸಿದ್ದೆ. ಕಣ್ಣು ಹಾಕಿದ್ದು ಒಂದು ನಡು ಎತ್ತರದ ಎಸ್‌ಯುವಿಯ ಮೇಲೆ. ಅದಕ್ಕೇ ಈ ಹಾಳೆ.

"ಅತ್ತೆ, ಇದು ಅತ್ತ ಜೀಪೂ ಅಲ್ಲ, ಇತ್ತ ಕಾರೂ ಅಲ್ಲ," ಎಂದ ತಕ್ಕಡಿ. "ವೇಷ ಹುಲಿದು, ಒಳಗಿರೋದು ಬೆಕ್ಕು. ಮುಂದಿನ ಎರಡು ಚಕ್ರ ಮಾತ್ರ ಎಳೆಯುತ್ತೆ. ಕೆಸರಲ್ಲಿ ಹೂತ್ರೆ ಕಥೆ ಮುಗೀತು."

"ಕೆಸರಿಗೆ ಹೋಗೋಕೆ ನಾನೇನು ಎಮ್ಮೆನಾ ಅಳಿಯಂದ್ರೇ?"

"ಪೆಟ್ರೋಲ್ ಜಾಸ್ತಿ ಕುಡಿಯುತ್ತೆ."

"ದೊಡ್ಡ ಹೊಟ್ಟೆಯವರು ಸ್ವಲ್ಪ ಜಾಸ್ತಿನೇ ಕುಡೀತಾರೆ."

"ತಿರುವಲ್ಲಿ ವಾಲುತ್ತೆ."

"ನಾನೂ ವಾಲ್ತೀನಿ. ಬಿದ್ದಿದೀನಾ?"

ಮಗಳು ನಡುವೆ ಬಾಯಿ ಹಾಕಿದಳು. "ಅಮ್ಮಾ, ಹಠ ಯಾಕೆ? ಚಿಕ್ಕ ಕಾರು ತಗೊಳ್ಳೋಣ. ಇವರು ಓಡಿಸ್ತಾರೆ. ನೀನು ಹಾಯಾಗಿ ಹಿಂದೆ ಕೂತ್ಕೋ."

"ಹಿಂದೆ ಬಿದ್ದಿರೋಕೆ ನಾನೇನು ಬೆಡ್‌ಶೀಟಾ ಕಣೇ?"

ಅಷ್ಟು ಹೊತ್ತು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ನಮ್ಮ ಮನೆಯವರು ತಲೆ ಎತ್ತಿದರು. "ಬಾಯಲ್ಲಿ ತೂಗಿದ್ರೆ ಏನು ಬಂತು? ಆ ಹಲ್ಲಿನ ಡಾಕ್ಟರ ಗಡಿಯಾರಾನೇ ಶೋರೂಮಿಗೆ ತಗೊಂಡು ಹೋಗೋಣ. ಕಾರಲ್ಲಿ ಹಿಡಿದ್ರೆ ಹಿಡೀತು."

ಮರುದಿನ ಶೋರೂಮಿಗೆ ಹೊರಟ ಮೆರವಣಿಗೆ ನೋಡಬೇಕಿತ್ತು. ಅಳಿಯನ ಕಾರಿನ ಮುಂದಿನ ಸೀಟು ಮಲಗಿಸಿ ಗಡಿಯಾರ ತುರುಕಿದರೆ, ಅದರ ತಲೆ ಕಿಟಕಿಯಿಂದ ಹೊರಗೆ ಬಂದು ದಾರಿಹೋಕರನ್ನು ನೋಡುತ್ತಿತ್ತು. ಮಗಳು ಹಿಂದೆ ಮುದುಡಿಕೊಂಡು ಕೂತಳು. ನಮ್ಮ ಮನೆಯವರು ಇದೊಂದು ಸಲ ಮಾತ್ರ ಎಂದು ಹಲ್ಲುಕಚ್ಚಿ ಒಪ್ಪಿ, ಲೋಲಕವನ್ನು ತಾವೇ ಎತ್ತಿಕೊಂಡರು. ಗಡಿಯಾರಕ್ಕೆ ಕಾರು, ನಮ್ಮಿಬ್ಬರಿಗೆ ಬಸ್ಸು.

ಶೋರೂಮಿನಲ್ಲಿ ಕಾರು ತೋರಿಸಿ ಮಾರುವವರೊಬ್ಬರಿದ್ದರು. ನನ್ನ ವಯಸ್ಸಿನ ಹತ್ತಿರದವರು, ನೆತ್ತಿಯಲ್ಲಿ ಕೂದಲಿಲ್ಲ, ಕೊರಳಲ್ಲಿ ಕೆಂಪು ಟೈ. ನಾವು ನಾಲ್ವರು ಆರಡಿ ಪೆಟ್ಟಿಗೆ ಹೊತ್ತುಕೊಂಡು ಬಾಗಿಲಿಗೆ ಬಂದದ್ದು ನೋಡಿ ಕೈ ಅಡ್ಡ ಹಿಡಿದರು.

"ಮೇಡಂ, ಎಕ್ಸ್‌ಚೇಂಜಿಗೆ ಹಳೇ ಕಾರು ಮಾತ್ರ. ಗಡಿಯಾರ ತಗೊಳ್ಳಲ್ಲ."

"ಕೊಡೋರು ಯಾರ್ರೀ? ಇವರೂ ಕಾರು ನೋಡೋಕೆ ಬಂದಿದಾರೆ."

ಮೊದಲು ಕೂರುವ ಪರೀಕ್ಷೆ. ಅಳಿಯನ ಕಾರಿಗೆ ಹತ್ತುವುದೆಂಬುದಿಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ಹೊರಗೆ ಬರಲು ಇಬ್ಬರು ಸೇದಬೇಕು. ಲಾಂಡ್ರಿ ವ್ಯಾನಿಗಾದರೆ ಅಟ್ಟ ಹತ್ತಿದ ಹಾಗೆ ಹತ್ತಬೇಕಿತ್ತು. ಇದರ ಸೀಟು ನನ್ನ ಸೊಂಟ ಹುಡುಕಿಕೊಂಡು ಬಂದಷ್ಟು ಸರಿಯಾಗಿತ್ತು. ತಿರುಗಿ ಕೂತೆ, ಕಾಲು ಒಳಗಿಟ್ಟೆ, ಅಷ್ಟೇ. ಮಂಡಿ ಕಮಕ್ ಕಿಮಕ್ ಅನ್ನಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಕಾರಿನೊಳಗೆ ಕೂತಿದ್ದೆ. ಕಣ್ಣು ತುಂಬಿಕೊಂಡಿತು. ಯಾರಿಗೂ ಕಾಣದಿರಲೆಂದು ಹಾರ್ನ್ ಬಾರಿಸಿದೆ. ಶೋರೂಮಿನವರೆಲ್ಲ ಒಂದು ಮೊಳ ಎಗರಿದರು.

ಆಮೇಲೆ ಹಿಂದಿನ ಅಂಗಳದಲ್ಲಿ, ಓಡಿಸಿ ನೋಡಲು ಇಟ್ಟಿದ್ದ ಕಾರಿಗೆ ಗಡಿಯಾರ ಹೇರುವುದು. ಹಿಂದಿನ ಸೀಟು ಎರಡು ತುಂಡು, ಚಿಕ್ಕ ತುಂಡನ್ನು ಮಡಚಿದೆವು. ಅಳಿಯನೂ ನಮ್ಮ ಮನೆಯವರೂ ಗಡಿಯಾರ ಎತ್ತುವಾಗ ಏದುಸಿರು ಬಿಟ್ಟರು. ಡಿಕ್ಕಿಯ ಅಂಚು ಅಷ್ಟು ಎತ್ತರ.

"ಬರ್ಕೊಳ್ಳಿ ಅಳಿಯಂದ್ರೇ, ಹನ್ನೆರಡನೇ ದೋಷ," ಎಂದೆ. "ಹೊಸ್ತಿಲು ಎತ್ತರ. ಹದಿಮೂರನೇದೂ ಬರ್ಕೊಳ್ಳಿ, ಹಿಂದಿನ ಗಾಜು ಟಪಾಲು ಡಬ್ಬಿ ಬಾಯಿ ಇದ್ದ ಹಾಗಿದೆ."

"ನೀವೇ ದೋಷ ಹೇಳ್ತಿದೀರಾ?"

"ಮದುವೆ ಆಗೋಳು ನಾನು. ಹುಡುಗನ ಹುಳುಕೆಲ್ಲ ನನಗೆ ಮೊದಲು ಗೊತ್ತಿರಬೇಕು."

ಗಡಿಯಾರ ಹಿಡಿಯಿತು. ಆದರೆ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಬೇಕಾಯಿತು. ಅಲ್ಲಿ ಕೂತ ಟೈಯವರ ಮಂಡಿ ಅವರ ಗಲ್ಲಕ್ಕೇ ತಾಗಿತು. ನಮ್ಮ ಮನೆಯವರು ನನ್ನ ಹಿಂದೆ, ಮಡಿಲಲ್ಲಿ ಲೋಲಕ. ಅಳಿಯ ನಡುವಿನ ಸೀಟಿನಲ್ಲಿ. ಅದು ಸೀಟಲ್ಲ, ಶಿಕ್ಷೆ. ಗಡಿಯಾರವನ್ನು ನಾನು ಲಾಂಡ್ರಿಯ ಗಂಟು ಹಾಕಿ ಬೆಡ್‌ಶೀಟಿನಿಂದ ಬಿಗಿದೆ. ಮಗಳು ಮಾತ್ರ ಹತ್ತಲಿಲ್ಲ. ಅಂಗಳದ ಮೂಲೆಯಲ್ಲಿ ಕೈಕಟ್ಟಿ ನಿಂತಳು.

ಹೊರಟೆ. ಕಾರು ಬೆಣ್ಣೆಯಂತೆ ಜಾರಿತು. ಗೇಟಿನತ್ತ ತಿರುಗಿಸುವಷ್ಟರಲ್ಲಿ ಎಂಜಿನ್ ಸದ್ದು ಏರಿತು.

ಮೂವತ್ತೊಂದು ವರ್ಷ ನನ್ನ ಎಡಗಾಲಿಗೆ ಇದ್ದದ್ದು ಒಂದೇ ಕೆಲಸ. ಸದ್ದು ಏರಿದಾಗ ಕ್ಲಚ್ ತುಳಿಯುವುದು. ಯಾರೂ ಹೇಳಬೇಕಾಗಿರಲಿಲ್ಲ, ಅದೇ ತುಳಿಯುತ್ತಿತ್ತು. ಈಗಲೂ ತುಳಿಯಿತು. ಆದರೆ ಈ ಕಾರಿನಲ್ಲಿ ಕ್ಲಚ್ಚೇ ಇಲ್ಲ. ಅಲ್ಲಿದ್ದದ್ದು ಅಗಲವಾದ ಬ್ರೇಕು.

ಕಾರು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ಟೈಯವರು ತಮ್ಮ ಮಂಡಿಯನ್ನೇ ಕಚ್ಚಿಕೊಂಡರು. ಅಳಿಯನ ಹಾಳೆ ಹಾರಿ ಬಂದು ಮುಂದಿನ ಗಾಜಿಗೆ ಅಂಟಿತು, ದೋಷದ ಕಡೆ ನನ್ನ ಮುಖಕ್ಕೆ.

"ಬ್ರೇಕು ಚೆನ್ನಾಗಿದೆ ಅಲ್ವಾ ಮೇಡಂ?" ಎಂದರು ಟೈಯವರು, ತುಟಿ ಒರೆಸಿಕೊಳ್ಳುತ್ತಾ. ಮಾರುವವರೆಂದರೆ ಹಾಗಿರಬೇಕು.

"ಗಡಿಯಾರ ಕದಲಿಲ್ಲ," ಎಂದರು ನಮ್ಮ ಮನೆಯವರು.

"ಇದೇ ಅತ್ತೆ! ಹನ್ನೊಂದನೇದು ಅಂದ್ರೆ ಇದೇ!" ಎಂದ ಅಳಿಯ.

ಮಗಳು ಓಡಿ ಬಂದು ಬಾಗಿಲು ತೆರೆದಳು. ಮುಖ ಬಿಳಿಚಿತ್ತು. "ಇಳಿ ಅಮ್ಮಾ. ಸಾಕು. ಇದು ಅಂಗಳ. ರಸ್ತೆಲಾಗಿದ್ದು, ಹಿಂದೆ ಒಂದು ಲಾರಿ ಇದ್ದಿದ್ರೆ?"

ನನ್ನ ನಾಲಿಗೆಯ ತುದಿಗೆ ಒಂದು ಕಥೆ ಬಂತು, ಹಿಂದೆ ಬಂದ ಲಾರಿಯನ್ನು ವ್ಯಾನಿನ ಮೇಲೆ ಹಾರಿಸಿದ್ದು. ಅವಳು ಎರಡೂ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡಿದ್ದಳು. ಕಥೆಯನ್ನು ನುಂಗಿಕೊಂಡೆ.

"ನಿಜ ಕಣೇ," ಎಂದೆ. "ಲಾರಿ ಇದ್ದಿದ್ರೆ ಗುದ್ದೋದು. ತಪ್ಪು ನಂದೇ. ಆದ್ರೆ ಮಂಡಿದಲ್ಲ, ವಯಸ್ಸಿಂದೂ ಅಲ್ಲ. ಅಭ್ಯಾಸದ್ದು. ಐದು ವರ್ಷದವರೆಗೂ ಹೆಬ್ಬೆರಳು ಚೀಪ್ತಿದ್ಯಲ್ಲ, ಬಿಡಿಸಿದ್ದು ಯಾರು?"

"ಅದೂ ಇದೂ ಒಂದೇನಾ?"

"ಒಂದೇ. ಅವತ್ತು ನೀನು ಮೂರು ದಿನ ಅತ್ತೆ. ಇವತ್ತು ಇದು ಅಳುತ್ತೆ." ಬಗ್ಗಿ ಎಡಗಾಲಿನ ಚಪ್ಪಲಿ ಕಿತ್ತೆ. "ನೋಡಪ್ಪಾ ಎಡಗಾಲೇ, ಮೂವತ್ತೊಂದು ವರ್ಷ ಚೆನ್ನಾಗಿ ದುಡಿದೆ. ಇವತ್ತಿಂದ ನಿನಗೆ ರಿಟೈರು. ಕೂತು ಗಾಳಿ ತಗೋ. ಎದ್ದು ಕೆಲಸಕ್ಕೆ ಬಂದ್ಯೋ, ಹುಷಾರ್!"

ಬರಿಗಾಲನ್ನು ಹಿಂದಕ್ಕೆ ಸರಿಸಿ ಸೀಟಿನ ಬುಡಕ್ಕೆ ಒತ್ತಿಟ್ಟೆ.

"ಮೇಡಂ, ಟೆಸ್ಟ್ ಡ್ರೈವ್ ಒಂದೇ ಸಲ ಕೊಡೋದು..."

"ನೀವು ಇಳೀರಿ ಸಾರ್, ನಿಮ್ಮ ಮಂಡಿಗೂ ಪುಣ್ಯ ಬರುತ್ತೆ. ಮಗಳೇ, ನೀನು ಹತ್ತು. ರಸ್ತೆ ನೋಡ್ಬೇಡ, ನನ್ನ ಕಾಲು ನೋಡು. ಅಲ್ಲಾಡಿದ್ರೆ ಕೂಗು. ಗೇಟು ದಾಟು ಅಂತ ನೀನು ಹೇಳೋವರೆಗೂ ದಾಟಲ್ಲ. ಆದ್ರೆ ನಾನು ಇಳಿಯೋದೂ ಇಲ್ಲ."

ಮಗಳು ನನ್ನನ್ನೇ ದುರುಗುಟ್ಟಿ ನೋಡಿದಳು. ಅದೇ ನನ್ನ ಹಠ ಅವಳ ಕಣ್ಣಲ್ಲೂ ಇತ್ತು. ಟೈಯವರು ಇಳಿದ ಸೀಟಿಗೆ ಹತ್ತಿ, ಧಡಾರನೆ ಬಾಗಿಲು ಹಾಕಿಕೊಂಡು ಕೂತಳು.

ಅಂಗಳದಲ್ಲಿ ಸುತ್ತು ಶುರುವಾಯಿತು.

"ಅಲ್ಲಾಡ್ತು!"

"ಗೊತ್ತು!"

"ಮತ್ತೆ ಅಲ್ಲಾಡ್ತು!"

"ಕತ್ತೆ ಬಡವ, ಪಿಂಚಣಿ ಕೊಟ್ರೂ ಕೆಲಸಕ್ಕೆ ಬರುತ್ತೆ!"

ಹಿಂದಿನಿಂದ ನಮ್ಮ ಮನೆಯವರು ಎಣಿಸುತ್ತಿದ್ದರು. ಎಣಿಸುವುದರಲ್ಲಿ ಅವರದು ಗಡಿಯಾರದ ಬಾಯಿ, ಏರುವುದಿಲ್ಲ, ಇಳಿಯುವುದಿಲ್ಲ. ಏಳನೆಯ ಸುತ್ತು, ಎಂಟನೆಯದು. ಹದಿಮೂರರ ಹೊತ್ತಿಗೆ ಮಗಳ ಕೂಗು ಕಡಿಮೆಯಾಯಿತು. ಹತ್ತೊಂಬತ್ತರಿಂದ ಕಾಲು ಅಲ್ಲಾಡಲೇ ಇಲ್ಲ. ಆದರೂ ನಿಲ್ಲಿಸಲಿಲ್ಲ. ಎಷ್ಟು ಸುತ್ತು ಹೊಡೆದೆನೆಂದರೆ, ನೆಲ ಸವೆದು ನೀರು ಬರುವುದೊಂದು ಬಾಕಿ. ಕಿಟಕಿಯಲ್ಲಿ ಶೋರೂಮಿನವರು ಸಾಲುಗಟ್ಟಿ ನಿಂತಿದ್ದರು.

"ನಲವತ್ತು," ಎಂದರು ನಮ್ಮ ಮನೆಯವರು.

ಮಗಳು ನನ್ನ ಕಾಲಿನಿಂದ ಕಣ್ಣು ತೆಗೆಯದೆ, "ಗೇಟು ದಾಟು," ಎಂದಳು. ದನಿ ಇನ್ನೂ ಸಿಟ್ಟಿನದೇ. "ನಿಧಾನ."

ದಾಟಿದೆ. ರಸ್ತೆಯ ಹಂಪ್ ಬಂತು. ಅಳಿಯನ ಕಾರು ಅಲ್ಲಿ ಹೊಟ್ಟೆ ಉಜ್ಜಿಕೊಂಡು 'ಅಯ್ಯೋ' ಎನ್ನುತ್ತದೆ. ಇದು ಸೆರಗು ಎತ್ತಿ ಹಿಡಿದು ದಾಟುವವಳ ಹಾಗೆ ದಾಟಿತು. ತಿರುವಿನಲ್ಲಿ ವಾಲಿತು, ಸುಳ್ಳೇಕೆ, ಚೆನ್ನಾಗಿಯೇ ವಾಲಿತು. ಅಳಿಯ ಗಡಿಯಾರದ ಮೇಲೆ ಒರಗಿದ. ನಾನು ವೇಗ ತಗ್ಗಿಸಿದೆ. ವಾಲುವುದಕ್ಕೆ ಮದ್ದು ಅದೊಂದೇ. ಎತ್ತರದಿಂದ ಮುಂದಿನ ನಾಲ್ಕು ಗಾಡಿಗಳ ಆಚೆಯವರೆಗೂ ಕಾಣುತ್ತಿತ್ತು. ವಾಪಸು ಬರುವವರೆಗೆ ಎಡಗಾಲು ಬೆಕ್ಕಿನಂತೆ ಮಲಗಿತ್ತು.

ಮೇಜಿನ ಮುಂದೆ ಕೂತಾಗ ಅಳಿಯ ಹಾಳೆ ಬಿಡಿಸಿದ. ಗುಣದ ಕಡೆ ಎರಡು ಸಾಲು ಸೇರಿಸಿದ್ದ, ಹಂಪ್ ಮತ್ತು ಬ್ರೇಕು. ಆದರೂ ದೋಷವೇ ಹೆಚ್ಚು.

"ತೂಕದಲ್ಲಿ ಇನ್ನೂ ಸೋಲುತ್ತೆ ಅತ್ತೆ," ಎಂದ, ಮೆಲ್ಲಗೆ.

"ಸೋಲಲಿ. ಹದಿಮೂರು ದೋಷದ ಜೊತೆಗೂ ನಾನು ಬಾಳ್ತೀನಿ ಅಳಿಯಂದ್ರೇ. ಎರಡು ವರ್ಷದಿಂದ ಒಂದೂ ದೋಷ ಇಲ್ಲದ ಸೋಫಾ ಮೇಲೆ ಕೂತು ನೋಡಿದೀನಿ."

ಮಗಳು ಉಸಿರೆಳೆದುಕೊಂಡು ಹೇಳಿದಳು, "ಒಂದು ತಿಂಗಳು ದಿನಾ ಬೆಳಿಗ್ಗೆ ಖಾಲಿ ಮೈದಾನದಲ್ಲಿ. ನಾನೂ ಬರ್ತೀನಿ. ಆಮೇಲೇ ರಸ್ತೆ."

"ಆಯ್ತಮ್ಮಾ. ಒಪ್ಪಿದೆ."

"ಹಲ್ಲಿನ ಡಾಕ್ಟರಿಗೆ ಇನ್ನೊಂದು ತಿಂಗಳು ಕಾಯೋಕೆ ಹೇಳ್ತೀನಿ," ಎಂದರು ನಮ್ಮ ಮನೆಯವರು. ಆಗಲೇ ಜೇಬಿನಿಂದ ಹಳೆಯ ಗಿರಾಕಿಗಳ ನಂಬರಿನ ಪುಸ್ತಕ ಹೊರಗೆ ಬಂದಿತ್ತು.

ಟೈಯವರು ಅರ್ಜಿ ತಂದಿಟ್ಟರು. ಅಭ್ಯಾಸಬಲ, ಪೆನ್ನನ್ನು ಅಳಿಯನತ್ತ ಚಾಚಿದರು. "ಮುಖ್ಯವಾಗಿ ಓಡಿಸೋರ ಹೆಸರು ಇಲ್ಲಿ ಸಾರ್."

ನಡುವೆ ಕೈ ಹಾಕಿ ಪೆನ್ನು ತೆಗೆದುಕೊಂಡೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಅಕ್ಷರಗಳು ಒಂದರ ಕಾಲು ಇನ್ನೊಂದು ತುಳಿಯುತ್ತವೆ. ನಿಧಾನವಾಗಿ, ಚೌಕದ ಹೊರಗೂ ಒಂದಿಷ್ಟು ಬರುವ ಹಾಗೆ, ನನ್ನ ಹೆಸರು ಬರೆದೆ.

"ಅದರ ಕೆಳಗೆ, ಬೇರೆ ಯಾರಾದ್ರೂ ಓಡಿಸೋದಿದ್ರೆ ಅವರ ಹೆಸರು," ಎಂದರು ಟೈಯವರು.

ಮೂವರೂ ನನ್ನತ್ತ ನೋಡಿದರು. ಆ ಸಾಲಿನ ಮೇಲೆ ಅಡ್ಡಲಾಗಿ ಒಂದು ಗೀಟು ಎಳೆದೆ. ಸ್ಕೇಲು ಇಡಲಿಲ್ಲ.