ಹುಲಿಗವ್ವನ ನತ್ತಿನ ಗುಲಾಬಿ ಹರಳು

ಹರಳಿನ ಪರೀಕ್ಷೆ ಬಾರದ ನಾನು ಹರಳಿನ ಕಥೆ ಹೇಳಹೊರಟಿದ್ದೇನೆ, ಓದುವವರು ಮನ್ನಿಸಬೇಕು. ಪಕ್ಕದ ಮನೆಯವಳಾಗಿ ಕಂಡಷ್ಟನ್ನೇ ಬರೆಯುತ್ತೇನೆ.

ಮಹಾಯುದ್ಧದ ಕಾಲ. ನವಲಿಯ ಹುಲಿಗವ್ವನಿಗೆ ಕನಕಗಿರಿಯ ಗಂಡು ಗೊತ್ತಾಗಿತ್ತು. ಅತ್ತೆಯಾಗುವ ಹೊಳಿಯಮ್ಮ ಕೇಳಿದ್ದು ಒಂದೇ: "ನಿಮ್ಮ ಅಜ್ಜಿ ಕೆಂಪ ಹರಳಿನ ನತ್ತು ಹುಡುಗಿ ಮೂಗಿನ್ಯಾಗ ಇರಬೇಕ ನೋಡ್ರಿ."

ಅರಿಷಿಣ ಹಚ್ಚಿದ ಮೇಲೆ ಮದುಮಗಳ ಮೂಗು ಬರಿದಾಗಬಾರದು ಎಂಬುದು ನಮ್ಮ ಓಣಿಯ ಪದ್ಧತಿ. ಹಾಗಾಗಿ ನತ್ತು ತೆಗೆಯದೆಯೇ ಎಣ್ಣೆನೀರು ಎರೆದರು. ಹರಳಿನ ಬೆನ್ನಿಗಿದ್ದ ಬಂಗಾರದ ಮುಚ್ಚಳದೊಳಗೆ ನೀರು ಇಳಿದು, ಬೆಳಗಾಗುವಷ್ಟರಲ್ಲಿ ಹರಳು ಇದ್ದಿಲಿನಂತೆ ಕಪ್ಪಾಗಿತ್ತು. ಮರುದಿನವೇ ಮದುವೆ.

"ಹರಳ ಬದಲ ಮಾಡ್ಯಾರ ಅಂತಾಳಲ್ಲೇ ಹೊಳಿಯಮ್ಮ!" ಎಂದು ತಾಯಿ ದುರಗಮ್ಮ ಹಣೆ ಚಚ್ಚಿಕೊಂಡಳು. ನತ್ತು ಬಿಚ್ಚಿ, ಮೂಗಿಗೆ ಲವಂಗ ಸಿಕ್ಕಿಸಿ, ಮಗಳನ್ನು ಹರಳು ಕೂಡಿಸುವ ಕಾಸೀಮಸಾಬನ ಹತ್ತಿರ ಕರೆದೊಯ್ದಳು. ನಾನೂ ಹೋದೆ.

"ಏನವ್ವ, ಹಲ್ಲಿನ ಬ್ಯಾನಿ ಮೂಗಿಗೆ ಏರೇತೇನು?" ಎಂದ ಕಾಸೀಮಸಾಬ, ಮೂಗಿನ ಲವಂಗ ನೋಡಿ.

"ನಗಬ್ಯಾಡ ಕಾಕಾ, ಮದಲ ಇದನ್ನ ನೋಡು," ಎಂದು ಹುಲಿಗವ್ವ ನತ್ತು ಮುಂದಿಟ್ಟಳು.

ಮುಚ್ಚಳ ಬಿಚ್ಚಿದ. ಹರಳಿನ ಹಿಂದಿಟ್ಟಿದ್ದ ಕೆಂಪು ಬೇಗಡೆಯ ತೆಳುತಗಡು ಕಿಲುಬು ಹಿಡಿದು ಕಪ್ಪಾಗಿತ್ತು. ಹೊಸದು ಹೈದರಾಬಾದಿನಿಂದ ಬರಬೇಕು. ಲಡಾಯಿ ಶುರುವಾದಾಗಿನಿಂದ ಬಂದಿರಲಿಲ್ಲ. ಅವನು ಹರಳನ್ನು ಒರೆಸಿ ಬಾಗಿಲ ಬಿಸಿಲಿಗೆ ಹಿಡಿದ. ಅದು ಕೆಂಪೇ ಅಲ್ಲ! ಸುಲಿದ ಉಳ್ಳಾಗಡ್ಡಿಯ ಒಳಪದರದಂಥ ತಿಳಿಗುಲಾಬಿ. ಅದರ ಬೆಳಕು ಹುಲಿಗವ್ವನ ಅಂಗೈಯಲ್ಲಿ ಹನಿಯಾಗಿ ಕೂತಿತು.

"ಬೆನ್ನ ಮುಚ್ಚಬ್ಯಾಡ ಕಾಕಾ. ಹಿಂಗ ಇರಲಿ," ಎಂದಳು ಹುಲಿಗವ್ವ.

"ಹುಚ್ಚಿ! ಬಂಗಾರ ತಿಂದಾನ ಅಂತಾರ ನನಗ."

"ಮುಚ್ಚಳ ಅವ್ವನ ಕೈಯಾಗ ಕೊಡು. ಮತ್ತೇನ ಅಂತಾರ?"

ಮದುವೆಯ ದಿನ ಹೊಳಿಯಮ್ಮ ಸೊಸೆಯ ಮುಖಕ್ಕೆ ಮುಖ ತಂದು ನೋಡಿದಳು. ದುರಗಮ್ಮ ಮುಚ್ಚಳದ ಪೊಟ್ಟಣ ಹಿಡಿದು ಹತ್ತಿರವೇ ನಿಂತಿದ್ದಳು.

"ಕೆಂಪ ಎಲ್ಲಿ ಹೋತು?"

"ಅದು ಬೇಗಡಿ ಬಣ್ಣರಿ ಅತ್ತಿ. ಹರಳಿಂದು ಇದು. ಬಟ್ಟ ಹಿಡೀರಿ," ಎಂದು ಹುಲಿಗವ್ವ ಬಿಸಿಲಿಗೆ ತಿರುಗಿದಳು.

ಹೊಳಿಯಮ್ಮ ನತ್ತಿನ ಕೆಳಗೆ ಬೆರಳು ಒಡ್ಡಿದಳು. ಮುದಿ ಉಗುರು ಗುಲಾಬಿಯಾಯಿತು. ಅವಳು ಗೊಳ್ಳನೆ ನಕ್ಕಳು. "ಏ, ನಾನೂ ಮದುಮಗಳಾದ್ನಲ್ಲೇ! ಇಷ್ಟ ದಿನ ಮುಸುಕ ಹಾಕಿ ಕುಂದರಿಸಿದ್ರಲ್ಲ ಇದನ್ನ!"

ಆಮೇಲೆ ಹೆಂಗಸರೆಲ್ಲ ಬೆರಳು ಒಡ್ಡಲು ಮುಗಿಬಿದ್ದರು. ಅಕ್ಕಿಕಾಳು ಹಾಕಲು ತಡವಾಯಿತೆಂದು ಗಂಡಸರು ಕೂಗಿದರೂ ಯಾರೂ ಕೇಳಲಿಲ್ಲ. ನಾನೂ ಒಡ್ಡಿದೆ.

ಅದು ಮಾಣಿಕ್ಯದ ಜಾತಿಯೋ, ಬೇರೆ ಕಲ್ಲೋ, ಬರೀ ಗಾಜೋ ನನಗೆ ತಿಳಿಯದು. ಹುಲಿಗವ್ವ ಅದನ್ನು ಯಾರಿಗೂ ಪರೀಕ್ಷೆಗೆ ಕೊಡಲಿಲ್ಲ.