ಹಳೇ ಕಣದ ಮೇಲಿನ ಗಾಲಿ ಗುರುತು

ಹಿರಿಯ ಮಗಳನ್ನು ಕುಡುಕನಿಗೆ ಕೊಟ್ಟು ಅವಳ ಕಣ್ಣೀರು ಕಂಡಿದ್ದ ಮಡಿವಾಳೆಪ್ಪ, ಕಿರಿಯಳಾದ ದಾನೇಶ್ವರಿಯನ್ನು ನೋಡಿಹೋಗಿದ್ದ ವರನನ್ನು ಯಾರಿಗೂ ಹೇಳದೆ ನೋಡಿಬರಲು ಅಣ್ಣಿಗೇರಿಯಿಂದ ತಿರ್ಲಾಪುರಕ್ಕೆ ಬಂದ. ವರ ಸಂಗನಬಸವ ಹಳೇ ಅಂಬಾಸಿಡರ್ ಕಾರು ಬಾಡಿಗೆಗೆ ಹೊಡೆಯುವವನು. ಊರಲ್ಲಿ ವಿಚಾರಿಸಿದಾಗ ಎಲ್ಲರೂ "ಬಂಗಾರದಂಥಾ ಹುಡುಗ" ಎಂದರು. ಎಲ್ಲರ ಬಾಯಲ್ಲೂ ಒಂದೇ ಮಾತು ಬಂದದ್ದೇ ಮಡಿವಾಳೆಪ್ಪನಿಗೆ ಅನುಮಾನವಾಯಿತು. ಹಿರಿಯ ಅಳಿಯನನ್ನೂ ಹೀಗೇ ಹೊಗಳಿದ್ದರು.

ಮಳೆ ನಿಂತ ಹೊಲದ ದಾರಿಯಲ್ಲಿ ಕಾರಿನ ಗಾಲಿ ಗುರುತುಗಳು ಕಂಡವು. ನೆಟ್ಟಗೆ ಬಂದವು ಹಳೇ ಕಣ ಹೊಕ್ಕೊಡನೆ ಸೊಟ್ಟಸೊಟ್ಟ ಸುತ್ತಿದ್ದವು. ಗಾಲಿಯ ಜಾಡು ನೋಡಿಯೇ ಚಕ್ಕಡಿ ಹೊಡೆದವನು ಕುಡಿದಿದ್ದನೇ ಎಂದು ಹೇಳಬಲ್ಲ ಮಡಿವಾಳೆಪ್ಪ, ಇವನೂ ಕುಡುಕನೇ ಎಂದುಕೊಂಡ. ಅಷ್ಟರಲ್ಲಿ ಸಂಗನಬಸವನ ಕಾರು ಬಂತು. ಅವನು ಜಾಲಿಗಿಡದ ಮರೆಗೆ ಸರಿದ.

ಕಣದ ಗಟ್ಟಿ ನೆಲದ ಮೇಲೆ ಬೆರಳು ದಪ್ಪ ಎರೆಕೆಸರು. ಕಾರು ಎಡಕ್ಕೆ ಸುತ್ತುತ್ತಿತ್ತು, ಮುಂದಿನ ಗಾಲಿಗಳು ಬಲಕ್ಕೆ ನೋಡುತ್ತಿದ್ದವು. ನೋಡುವುದೊಂದು ಕಡೆ, ಹೋಗುವುದೊಂದು ಕಡೆ! ಇಂಥವನನ್ನು ನಂಬುವುದು ಹೇಗೆ?

ಮಡಿವಾಳೆಪ್ಪ ಮುಂದೆ ಬಂದು ಕೊಡೆ ಎತ್ತಿದ. ಕಾರು ನಿಂತಿತು. ಸಂಗನಬಸವ ಕಿಟಕಿಯಿಂದ ತಲೆ ಹೊರಹಾಕಿದ.

"ಮಾವಾರ! ನೀವು ಇಲ್ಲಿ?"

"ಮಾವ ಆಮ್ಯಾಲ. ಮೊದ್ಲ ಬಾಯಿ ತಗಿ. ಉಸರ ಬಿಡು."

ಉಳ್ಳಾಗಡ್ಡಿ ಬಿಟ್ಟರೆ ಬೇರೆ ವಾಸನೆಯಿಲ್ಲ.

"ಕುಡೀದನ ಹಿಂಗ ಹೊಡೀತಿ? ಇದು ಇನ್ನೂ ಕೆಟ್ಟ! ಕುಡದಾಂವಗ ಮುಂಜಾನಿಗರೆ ಇಳಿತೈತಿ. ನಿನಗ ಯಾವಾಗ ಇಳಿತೈತೋ?"

"ಹೋದ ಮಳಿಗಾಲದಾಗ ಗಾಡಿ ಜಾರಿ ಹಳ್ಳಕ್ಕ ಇಳೀತ್ರಿ. ಒಳಗ ನಮ್ಮವ್ವ ಇದ್ಲು. ನನಗ ಬ್ರೇಕ್ ತುಳಿಯೂದೊಂದ ಗೊತ್ತಿತ್ತು. ಅದಕ್ಕ ಬೇಕಂತನ ಜಾರ್ಸಿ ಕಲ್ಯಾಕತ್ತೇನ್ರಿ. ಹಿಂದಿನ ಗಾಲಿ ಯಾ ಕಡೆ ಜಾರ್ತಾವ, ಸ್ಟೇರಿಂಗ್ ಆ ಕಡೇನ ತಿರುಗಸ್ಬೇಕು."

"ಮಾತು ಅಗದಿ ಛಲೋ ಅದಾವ. ದೊಡ್ಡ ಅಳಿಯಾಂದೂ ಹಿಂಗ ಇದ್ದವು."

ಹಿಂದೆ ಎತ್ತುಗಳು ತೆನೆ ತುಳಿಯುತ್ತ ಸುತ್ತುವಾಗ ಕಣದ ನಡುವೆ ಮೇಟಿ ಕಂಬ ನಿಲ್ಲುತ್ತಿತ್ತು. ಆ ಕಂಬದ ಹಳೇ ಕುಳಿಯಲ್ಲಿ ಮಡಿವಾಳೆಪ್ಪ ಕೊಡೆ ಊರಿದ.

"ಇದನ್ನ ಕೆಡವದಂಗ ಸುತ್ತು."

ಮೊದಲ ಸುತ್ತಿನಲ್ಲೇ ಕಾರಿನ ಹಿಂಭಾಗ ಗಿರ್ರನೆ ತಿರುಗಿ ಕೊಡೆಯನ್ನು ಕೆಡವಿತು. ಈಗ ಕೆಸರನ್ನೋ ಕೊಡೆಯನ್ನೋ ಬೈಯುತ್ತಾನೆಂದು ಮಡಿವಾಳೆಪ್ಪ ಕಾದ. ಹಿರಿಯ ಅಳಿಯನ ಬಾಯಲ್ಲಿ ತಪ್ಪು ಯಾವಾಗಲೂ ಬೇರೆಯವರದು.

ಸಂಗನಬಸವ ಇಳಿದು ಬಂದು ಕೊಡೆಯನ್ನು ಅಂಗಿಯಿಂದ ಒರೆಸಿದ. "ತಪ್ಪು ನಂದರಿ. ಎಕ್ಸಲೇಟರ್ ಜಾಸ್ತಿ ತುಳದೆ. ಇನ್ನೂ ಪೂರಾ ಬಂದಿಲ್ಲ." ತಾನೇ ಅದನ್ನು ಮತ್ತೆ ಊರಿ ಕಾರು ಹತ್ತಿದ.

ಈ ಸಲ ಕೊಡೆ ಅಲುಗಾಡಿತು, ಬೀಳಲಿಲ್ಲ.

ಮಡಿವಾಳೆಪ್ಪ ಧೋತರದ ಕೆಸರು ಕೊಡವಿಕೊಂಡ. "ಮುಂದಿನ ಸೋಮಾರ ಹಿರ್‍ಯಾರನ್ನ ಕರಕೊಂಡ ಬರ್ರಿ, ಮಾತು ಮುಗಸೂಣು." ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ಮದುವಿ ದಿನ ಗಾಡಿ ಮಾತ್ರ ಬ್ಯಾರೆದಾಂವ ಹೊಡೀಲಿ."