ಸತ್ತ ಮಾಂಸ

"ದೂರ ನಿಂದ್ರಲೇ ಬೋಸುಡಿ! ನಿನ್ನ ನೆಳ್ಳು ನೀರಿನ ಮ್ಯಾಲೆ ಬೀಳಾಕತ್ತದ!"

ಗೌಡನ ಕೂಗಿಗೆ ಸೂಗಮ್ಮ ಹಿತ್ತಲ ಗೋಡೆಗೆ ಸರಿದಳು. ಕೈಯಲ್ಲಿ ಕೀವು ಮೆತ್ತಿದ ಬಟ್ಟೆಗಳು. ಲಕ್ವ ಹೊಡೆದು ಮಲಗಿದ್ದ ಗೌಡನ ಅಪ್ಪನ ಬೆನ್ನಿಗೆ ಹಾಸಿಗೆ ಹುಣ್ಣಾಗಿತ್ತು. ಆ ಬಟ್ಟೆ ತೊಳೆಯುವ ಬಿಟ್ಟಿ ಅವಳದು.

ತೆರೆದ ಬಾಗಿಲಿನಿಂದ ಒಳಗಿನದು ಕಾಣುತ್ತಿತ್ತು. ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ರಾಯಚೂರಿನ ಡಾಕ್ಟರ್ ಟಾಂಗಾದಲ್ಲೇ ಮಸರಕಲ್ಲಿಗೆ ಬಂದಿದ್ದ. ಕುದಿಸಿದ ಕತ್ತರಿಯಿಂದ ಹುಣ್ಣಿನ ಕರಿ ಮಾಂಸ ಕತ್ತರಿಸಿ ತೆಗೆದು, ಉಪ್ಪುನೀರಿನ ಬಟ್ಟೆ ತುಂಬುತ್ತಿದ್ದ. ಮುದುಕ ನರಳಲೂ ಇಲ್ಲ.

ಅವಳ ಗಂಡ ಗದ್ದೆಪ್ಪನಿಗೂ ಇದೇ ಹುಣ್ಣು. ಇದೇ ಮನೆಯ ತೊಲೆ ಏರಿಸುವಾಗ ಬಿದ್ದು ಸೊಂಟ ಮುರಿದುಕೊಂಡವನು. ದೇವದುರ್ಗದ ವೈದ್ಯ ಅವನನ್ನು ಮುಟ್ಟದೆ, ಅಂಗಳದಿಂದಲೇ ಮೈಲುತುತ್ತದ ಪುಡಿ ಎಸೆದು ಹೋಗಿದ್ದ. ಅದು ಸತ್ತ ಮಾಂಸದ ಜೊತೆ ಜೀವ ಇದ್ದದ್ದನ್ನೂ ಸುಟ್ಟಿತು. ಗದ್ದೆಪ್ಪ ಚಾಪೆ ಕಚ್ಚಿ ಒದ್ದಾಡಿದ್ದ.

ಡಾಕ್ಟರ್ ಕೈ ತೊಳೆಯಲು ಹಿತ್ತಲಿಗೆ ಬಂದ.

"ಯಪ್ಪಾ, ನನ್ನ ಗಂಡನ್ನೂ ಒಮ್ಮಿ ನೋಡ್ರಿ. ಹುಳ ಬಿದ್ದಾವ್ರಿ."

"ಕೇರಿಗೆ ಹೋದ ಕತ್ರಿ ತಿರುಗಿ ನಮ್ಮ ಹೊಸ್ತಿಲ ದಾಟಾಂಗಿಲ್ಲ," ಗೌಡ ಒಳಗಿಂದ ಗದರಿದ.

ಡಾಕ್ಟರ್ ಕೈ ಒರೆಸಿಕೊಂಡ. "ಹುಳ ಬಿದ್ದದ್ದು ಚಲೋನ ಆತು ಬಿಡು. ಸತ್ತ ಮಾಂಸ ಅಷ್ಟೇ ತಿಂತಾವ. ನನ್ನ ಕತ್ರಿ ಮಾಡೋ ಕೆಲಸ ಅವೇ ಮಾಡ್ತಾವ."

"ಹಂಗಾರ ಗೌಡ್ರ ಅಪ್ಪಗೂ ಹುಳಾನ ಬಿಡ್ರಿ."

ಹೊರಗೆ ಧಾವಿಸಿದ ಗೌಡನ ಬಾರುಕೋಲು ಅವಳ ಬೆನ್ನಿಗೆ ಬಿತ್ತು. ಸೂಗಮ್ಮ ಬಟ್ಟೆಗಳನ್ನು ಅಲ್ಲೇ ಬಿಸಾಕಿ ಹೊರಟಳು.

ಡಾಕ್ಟರ್ ಊಟ ಮುಗಿಸಿ ಹೊರಬಂದಾಗ ಟಾಂಗಾದೊಳಗೆ ಗದ್ದೆಪ್ಪ ಮಲಗಿದ್ದ. ಹೊತ್ತು ತಂದ ಮೈದುನ ಮೌನಪ್ಪ ಗಾಲಿ ಹಿಡಿದು ನಿಂತಿದ್ದ, ಸೂಗಮ್ಮ ಕುದುರೆಯ ಮುಂದೆ. ನಾತಕ್ಕೆ ಗೌಡ ಮೂಗು ಮುಚ್ಚಿಕೊಂಡ.

"ಎಳೆದು ಒಗೀರಲೇ ಇವನ್ನ!"

ಅಂಗಳದಲ್ಲಿದ್ದ ಕೇರಿಯ ಆಳುಗಳು ಕೈಕಟ್ಟಿ ನಿಂತರು. ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು.

"ನೀವ ಎಳೀರಿ ಗೌಡ್ರ," ಸೂಗಮ್ಮ ಅಂದಳು. "ಮುಟ್ಟಿ ಎಳೀರಿ."

ಟಾಂಗಾ ಹೊಡೆಯುವ ಇಮಾಮಹುಸೇನ ಲಗಾಮು ಕೈಗೆ ತಗೊಂಡು ಡಾಕ್ಟರನನ್ನು ಕೇಳಿದ: "ಹತ್ತತೀರೇನ್ ಸಾಬ್? ಇಲ್ಲಾ, ಇವನೊಬ್ಬನ್ನ ರಾಯಚೂರಿಗೆ ಒಯ್ಯಲೇನು?"

ಒಳಗೆ ಗದ್ದೆಪ್ಪ ಮೊಣಕೈ ಊರಿ ಬೋರಲಾದ. ಹೊದ್ದ ಬಟ್ಟೆ ಜಾರಿತು. ಹುಣ್ಣಿನ ತಳದಲ್ಲಿ ಸೊಂಟದ ಎಲುಬು ಬಿಸಿಲಿಗೆ ಬೆಳ್ಳಗೆ ಕಂಡಿತು.

ಡಾಕ್ಟರ್ ಪೆಟ್ಟಿಗೆ ಹಿಡಿದುಕೊಂಡು ಇನ್ನೂ ಹತ್ತದೆ ನಿಂತೇ ಇದ್ದ.